‘ಯಾರೂ ಮುಖ್ಯರಲ್ಲ’: ಒಂದು ಮಾತನ್ನು ಹಿಡಿದು ಒಂದು ಕಾದಂಬರಿ ಓದುವುದು ಹೇಗೆ?

ಡಿಸೆಂಬರ್ 29 ಬಂತೆಂದರೆ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ಚಿತ್ರ ಬಂದೇ ಬರುತ್ತದೆ. ಹಿಂದೆ ಮಂಜು ಮುಸುಕಿದ ಬೆಟ್ಟ, ಮುಂದೆ ಕುವೆಂಪು ಅವರ ಮುಖ, ಕೆಳಗೆ ಬಿಳಿ ಅಕ್ಷರದಲ್ಲಿ ಮೂರು ಸಾಲು: ‘ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ, ಯಾವುದೂ ಯಃಕಶ್ಚಿತವಲ್ಲ!’ ಅದು ಅವರು ಹುಟ್ಟಿದ ದಿನ. ಎಲ್ಲರೂ ಕೈಮುಗಿಯುವ ಚಿಹ್ನೆ ಒತ್ತುತ್ತಾರೆ, ಮುಂದಿನ ಮೆಸೇಜಿಗೆ ಹೋಗುತ್ತಾರೆ.

ಈ ಸಲ ಬಿ.ಎ. ಓದುತ್ತಿರುವ ಅಕ್ಕನ ಮಗಳು ನನಗೆ ಬೇರೆಯಾಗಿ ಬರೆದಳು. ಅವಳಿಗೆ ಕಾಲೇಜಿನಲ್ಲಿ ಇದೇ ಮಾತು ಕೊಟ್ಟು, ‘ಈ ಮಾತಿನ ಹಿನ್ನೆಲೆಯಲ್ಲಿ ಮಲೆಗಳಲ್ಲಿ ಮದುಮಗಳು ಕಾದಂಬರಿಯನ್ನು ವಿಶ್ಲೇಷಿಸಿ’ ಎಂದು ಕೇಳಿದ್ದಾರೆ. ‘ಮಾವ, ಇಲ್ಲಿ ಮಾತಿನ ಅರ್ಥ ಬರೀಬೇಕಾ, ಕಾದಂಬರಿ ಕತೆ ಬರೀಬೇಕಾ?’

ಒಳ್ಳೆಯ ಪ್ರಶ್ನೆ. ಬಹಳ ಮಂದಿ ಇದೇ ಜಾಗದಲ್ಲಿ ಎಡವುತ್ತಾರೆ. ಮೊದಲ ಅರ್ಧ ಪುಟದಲ್ಲಿ ಮಾತನ್ನು ಹೊಗಳುತ್ತಾರೆ, ಉಳಿದ ಮೂರು ಪುಟದಲ್ಲಿ ಕತೆಯ ಸಾರಾಂಶ ಹೇಳುತ್ತಾರೆ. ಎರಡೂ ಒಂದನ್ನೊಂದು ಮುಟ್ಟುವುದೇ ಇಲ್ಲ. ಅವಳಿಗೆ ಫೋನಿನಲ್ಲಿ ಹೇಳಿದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಪರೀಕ್ಷೆ ಮುಗಿದು ವರ್ಷಗಳಾದವರಿಗೂ ಇದು ಉಪಯೋಗಕ್ಕೆ ಬಂದೀತು. ಆ ಚಿತ್ರವನ್ನು ಪ್ರತಿ ವರ್ಷ ಕಳಿಸುವವರು ನಾವೇ ಅಲ್ವಾ?

ಒಂದು ಮಾತಿನ ಮೂಲಕ ಓದುವುದು ಅಂದರೇನು

ಮಲೆನಾಡಿನಲ್ಲಿ ಮೊದಲೆಲ್ಲ ರಾತ್ರಿ ಕಾಡುದಾರಿ ನಡೆಯುವವರು ಕೈಯಲ್ಲಿ ದೊಂದಿ ಹಿಡಿಯುತ್ತಿದ್ದರು. ದೊಂದಿ ಇಡೀ ಕಾಡನ್ನು ತೋರಿಸುವುದಿಲ್ಲ. ಕಾಲಿನ ಮುಂದಿನ ನಾಲ್ಕು ಮಾರು, ಪಕ್ಕದ ಮರದ ಬೊಡ್ಡೆ, ಒಮ್ಮೊಮ್ಮೆ ಪೊದೆಯೊಳಗೆ ಹೊಳೆಯುವ ಎರಡು ಕಣ್ಣು, ಅಷ್ಟೇ. ಆದರೆ ಅಷ್ಟನ್ನು ಚೆನ್ನಾಗಿ ತೋರಿಸುತ್ತದೆ. ದೊಂದಿಯನ್ನು ಎಡಕ್ಕೆ ತಿರುಗಿಸಿದರೆ ಬೇರೆಯೇ ಕಾಣುತ್ತದೆ.

ದೊಡ್ಡ ಕೃತಿಯೊಂದಕ್ಕೆ ಒಂದು ಮಾತನ್ನು ಹಿಡಿಯುವುದೂ ಹೀಗೆಯೇ. ಸುಮಾರು 700 ಪುಟದ ಕಾದಂಬರಿಯಲ್ಲಿ ಎಲ್ಲವನ್ನೂ ಒಟ್ಟಿಗೆ ನೋಡಲು ಯಾರಿಗೂ ಆಗುವುದಿಲ್ಲ. ಒಂದು ಮಾತನ್ನು ಕೈಗೆತ್ತಿಕೊಂಡು, ‘ಇದು ನಿಜವಾದರೆ ಪುಸ್ತಕದಲ್ಲಿ ಏನೇನು ಕಾಣಬೇಕು?’ ಎಂದು ಕೇಳುತ್ತಾ ಹೋದರೆ ಓದಿಗೆ ಒಂದು ದಾರಿ ಸಿಗುತ್ತದೆ. ಮಾತು ಹೇಳಿದ್ದು ಎಲ್ಲಿ ಕಾಣುತ್ತದೆ, ಎಲ್ಲಿ ಕಾಣುವುದಿಲ್ಲ, ಎಲ್ಲಿ ಮಾತೇ ತೊಡರಿ ನಿಲ್ಲುತ್ತದೆ ಎಂದು ತೋರಿಸುವುದೇ ವಿಶ್ಲೇಷಣೆ.

ನಾವೆಲ್ಲ ಶಾಲೆಯಲ್ಲಿ ‘ಸಂದರ್ಭ ಮತ್ತು ಸ್ವಾರಸ್ಯ’ ಬರೆದವರು. ಈ ಮಾತನ್ನು ಯಾರು, ಯಾರಿಗೆ, ಯಾವಾಗ ಹೇಳಿದರು, ಇದರ ಸ್ವಾರಸ್ಯವೇನು. ಅಲ್ಲಿ ಪಾಠದಿಂದ ಹೊರಟು ಮಾತಿಗೆ ಬರುತ್ತೇವೆ. ಪಾಠ ಗೊತ್ತಿದ್ದರೆ ಮಾತು ಅರ್ಥವಾಗುತ್ತದೆ. ಇಲ್ಲಿ ದಾರಿ ತಿರುಗುಮುರುಗು. ಮಾತಿನಿಂದ ಹೊರಟು ಕೃತಿಗೆ ಹೋಗಬೇಕು. ಸಂದರ್ಭ ಬರೆದು ಅಭ್ಯಾಸವಾದವರಿಗೆ ಇದು ಕಷ್ಟವೆನಿಸುವುದು ಅದಕ್ಕೇ.

ಕಾದಂಬರಿ ಓದದವರಿಗೆ ಎರಡು ಮಾತು

‘ಮಲೆಗಳಲ್ಲಿ ಮದುಮಗಳು’ ಬಂದದ್ದು 1967ರಲ್ಲಿ. ಕುವೆಂಪು ಅವರ ಮೊದಲ ಕಾದಂಬರಿ ‘ಕಾನೂರು ಹೆಗ್ಗಡಿತಿ’ ಬಂದು ಆಗಲೇ 31 ವರ್ಷವಾಗಿತ್ತು. ಕತೆ ನಡೆಯುವುದು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ, ತೀರ್ಥಹಳ್ಳಿಯ ಸುತ್ತಿನ ಮಲೆನಾಡಿನಲ್ಲಿ. ಅವರು ಬೆಳೆದ ಕುಪ್ಪಳಿ ಇರುವುದೂ ಅದೇ ಸೀಮೆಯಲ್ಲಿ.

ಕತೆಯನ್ನು ಒಂದು ಸಾಲಿನಲ್ಲಿ ಹೇಳಲು ಬರುವುದಿಲ್ಲ. ಸಿಂಬಾವಿ ಭರಮೈಹೆಗ್ಗಡೆಯ ಜೀತದಾಳು ಗುತ್ತಿ ಇದ್ದಾನೆ. ಅವನ ಹಿಂದೆಯೇ ಸುತ್ತುವ ನಾಯಿ ಹುಲಿಯ ಇದೆ. ಆ ನಾಯಿಯಿಂದಾಗಿ ಅವನಿಗೆ ನಾಯಿಗುತ್ತಿ ಎಂದೇ ಹೆಸರು. ಬೆಟ್ಟಳ್ಳಿಯ ತಿಮ್ಮಿಗೆ ಬೇರೆಯವನ ಜೊತೆ ಮದುವೆ ಗೊತ್ತಾಗಿದೆ. ಗುತ್ತಿ ಅವಳನ್ನು ರಾತ್ರೋರಾತ್ರಿ ಹಾರಿಸಿಕೊಂಡು ಹೋಗುತ್ತಾನೆ. ಇತ್ತ ಹೂವಳ್ಳಿಯ ಚಿನ್ನಮ್ಮನಿಗೆ ಕೋಣೂರಿನ ಮುಕುಂದಯ್ಯನ ಮೇಲೆ ಮನಸ್ಸು. ಅವಳನ್ನು ಭರಮೈಹೆಗ್ಗಡೆಗೆ ಎರಡನೇ ಹೆಂಡತಿಯಾಗಿ ಕೊಡಲು ಅಪ್ಪ ಹೊರಟಿದ್ದಾನೆ; ಅವಳೂ ರಾತ್ರಿ ಕಾಡಿಗೆ ಓಡುತ್ತಾಳೆ. ಇವರ ನಡುವೆ ಗಟ್ಟದ ಕೆಳಗಿನಿಂದ ಕೂಲಿಗೆ ಬಂದ ಐತ, ಅವನ ಹೆಂಡತಿ ಪೀಂಚಲು. ಹಳೆಮನೆಯ ಸುಬ್ಬಣ್ಣಹೆಗ್ಗಡೆ. ಸಾಲ ಕೊಡುವ ಕಲ್ಲೂರು ಮಂಜಭಟ್ಟ. ಮೇಗರವಳ್ಳಿಯ ಅಂತಕ್ಕ, ಅವಳ ಮಗಳು ಕಾವೇರಿ. ಕಿರಿಸ್ತಾನರ ಕಡೆಗೆ ವಾಲುವ ಬೆಟ್ಟಳ್ಳಿಯ ದೇವಯ್ಯ. ಹಂದಿ, ನಾಯಿ, ಉಂಬಳ (ಜಿಗಣೆ), ಮಳೆ, ಹೊಳೆ.

ಇಷ್ಟು ಜನ, ಇಷ್ಟು ದಾರಿ. ಕತೆ ಶುರುವಾಗುವ ಮೊದಲೇ ಕುವೆಂಪು ಓದುಗರ ಕೈಗೆ ಒಂದು ದೊಂದಿ ಕೊಡುತ್ತಾರೆ. ಚಿತ್ರದಲ್ಲಿ ಬರುವುದು ಅದರ ತುಂಡು ಮಾತ್ರ. ಪೂರ್ತಿ ಹೀಗಿದೆ:

ಇಲ್ಲಿ
ಯಾರೂ ಮುಖ್ಯರಲ್ಲ;
ಯಾರೂ ಅಮುಖ್ಯರಲ್ಲ;
ಯಾವುದೂ ಯಃಕಶ್ಚಿತವಲ್ಲ!
ಇಲ್ಲಿ
ಯಾವುದಕ್ಕೂ ಮೊದಲಿಲ್ಲ;
ಯಾವುದಕ್ಕೂ ತುದಿಯಿಲ್ಲ;
ಯಾವುದೂ ಎಲ್ಲಿಯೂ ನಿಲ್ಲುವುದೂ ಇಲ್ಲ;
ಕೊನೆಮುಟ್ಟುವುದೂ ಇಲ್ಲ!
ಇಲ್ಲಿ
ಅವಸರವೂ ಸಾವಧಾನದ ಬೆನ್ನೇರಿದೆ!
ಇಲ್ಲಿ
ಎಲ್ಲಕ್ಕೂ ಇದೆ ಅರ್ಥ;
ಯಾವುದೂ ಅಲ್ಲ ವ್ಯರ್ಥ;
ನೀರೆಲ್ಲ ಊ ತೀರ್ಥ!

ಮೊದಲು ಮಾತನ್ನೇ ಬಿಡಿಸಬೇಕು

ಕೃತಿಗೆ ಹೋಗುವ ಮೊದಲು ಮಾತಿನ ಒಂದೊಂದು ಪದವನ್ನೂ ಕೈಯಲ್ಲಿ ಹಿಡಿದು ನೋಡಬೇಕು. ಇದನ್ನು ಬಿಟ್ಟು ಓಡಿದರೆ ಮುಂದಿನದೆಲ್ಲ ಅಂದಾಜಿನ ಮೇಲೆ ನಡೆಯುತ್ತದೆ.

‘ಯಾರೂ ಮುಖ್ಯರಲ್ಲ.’ ಇಷ್ಟಕ್ಕೇ ನಿಂತಿದ್ದರೆ ಅದು ವೈರಾಗ್ಯದ ಮಾತಾಗುತ್ತಿತ್ತು. ಎಲ್ಲರೂ ಮಣ್ಣಿಗೆ ಹೋಗುವವರೇ ಅನ್ನುವ ಹಾಗೆ. ಮರುಸಾಲೇ ಅದನ್ನು ತಡೆಯುತ್ತದೆ: ‘ಯಾರೂ ಅಮುಖ್ಯರಲ್ಲ.’ ಹಾಗಾದರೆ ಸುಮ್ನೆ ‘ಎಲ್ಲರೂ ಮುಖ್ಯರು’ ಅಂದಿದ್ದರೆ ಸಾಕಿತ್ತಲ್ವಾ? ಸಾಕಾಗುತ್ತಿರಲಿಲ್ಲ. ‘ಮುಖ್ಯ’ ಎನ್ನುವುದು ‘ಎತ್ತರ’ ಇದ್ದ ಹಾಗೆ, ಇನ್ನೊಂದರ ಪಕ್ಕ ಇಟ್ಟಾಗ ಮಾತ್ರ ಅದಕ್ಕೆ ಬೆಲೆ. ಮದುವೆಮನೆಯ ಊಟ ನೆನಪಿಸಿಕೊಳ್ಳಿ. ಮೊದಲ ಪಂಕ್ತಿ ಇದ್ದರೆ ಕೊನೆಯ ಪಂಕ್ತಿ ಇದ್ದೇ ಇರುತ್ತದೆ. ‘ಎಲ್ಲರಿಗೂ ಮೊದಲ ಪಂಕ್ತಿ’ ಅನ್ನುವುದಕ್ಕೆ ಅರ್ಥವಿಲ್ಲ. ಕುವೆಂಪು ಪಂಕ್ತಿಯ ಲೆಕ್ಕವನ್ನೇ ತೆಗೆದುಹಾಕುತ್ತಾರೆ. ಮೇಲೂ ಇಲ್ಲ, ಕೆಳಗೂ ಇಲ್ಲ ಎಂದು ಎರಡು ಸಲ ಹೇಳಿದರೆ ಮಾತ್ರ ಅದು ಹೋಗುತ್ತದೆ.

ಮೂರನೇ ಸಾಲಿನಲ್ಲಿ ಒಂದು ಸಣ್ಣ ಬದಲಾವಣೆ ಇದೆ. ಮೊದಲೆರಡರಲ್ಲಿ ‘ಯಾರೂ’, ಅಂದರೆ ಜನ. ಮೂರನೆಯದರಲ್ಲಿ ‘ಯಾವುದೂ’. ಇಲ್ಲಿ ನಾಯಿಯೂ ಬಂತು, ಮರವೂ ಬಂತು, ಮಳೆಯೂ ಬಂತು. ‘ಯಃಕಶ್ಚಿತ್’ ಎಂದರೆ ಸಂಸ್ಕೃತದಲ್ಲಿ ‘ಯಾರೋ ಒಬ್ಬ’. ಕನ್ನಡದ ಬಳಕೆಯಲ್ಲಿ ಅದು ಲೆಕ್ಕಕ್ಕಿಲ್ಲದ್ದು, ಕ್ಷುಲ್ಲಕವಾದದ್ದು ಎಂದಾಗಿದೆ. ಲೆಕ್ಕಕ್ಕಿಲ್ಲದ್ದು ಯಾವುದೂ ಇಲ್ಲ ಎಂದರೆ ಪುಸ್ತಕದಲ್ಲಿ ಒಂದು ಉಂಬಳ ಕಾಲಿಗೆ ಹತ್ತಿದರೂ ಅದನ್ನು ದಾಟಿಕೊಂಡು ಓದುವ ಹಾಗಿಲ್ಲ ಎಂದಾಯಿತು.

ಕೊನೆಯ ಸಾಲನ್ನೂ ನೋಡಿ. ‘ನೀರೆಲ್ಲ ಊ ತೀರ್ಥ.’ ಹಂಚುವಾಗ ಕೆಲವರು ಇದನ್ನು ‘ನೀರೆಲ್ಲವೂ ತೀರ್ಥ’ ಎಂದು ತಿದ್ದಿಬಿಡುತ್ತಾರೆ. ಅದು ಅಚ್ಚಿನ ತಪ್ಪಲ್ಲ. ಬಾಯಿಬಿಟ್ಟು ಓದಿದರೆ ಗೊತ್ತಾಗುತ್ತದೆ. ಬೇರೆಯಾಗಿ ನಿಂತ ಆ ‘ಊ’ ಮೇಲೆ ಉಸಿರು ಎಳೆಯಬೇಕಾಗುತ್ತದೆ. ಒಂದು ಹನಿಯನ್ನೂ ಬಿಡದೆ, ಎಲ್ಲವೂ ಎಂದು ಒತ್ತಿ ಹೇಳುವ ಕೆಲಸವನ್ನು ಆ ಒಂದು ಅಕ್ಷರ ಮಾಡುತ್ತದೆ.

ಇನ್ನು ನಾಲ್ಕು ಸಲ ಬರುವ ಒಂದು ಪದವಿದೆ. ಚಿತ್ರ ಮಾಡುವವರು ಮೊದಲು ಕತ್ತರಿಸುವುದು ಅದನ್ನೇ.

‘ಇಲ್ಲಿ’ ಅಂದರೆ ಎಲ್ಲಿ?

ನನಗೆ ಇಡೀ ಮಾತಿನ ಕೀಲಿ ಈ ಪದದಲ್ಲೇ ಇದೆ ಎನಿಸುತ್ತದೆ. ‘ಇಲ್ಲಿ’ ತೆಗೆದರೆ ಅದು ಲೋಕಕ್ಕೆಲ್ಲ ಹೇಳಿದ ಬುದ್ಧಿಮಾತು. ಪ್ರಪಂಚದಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಎಂದು. ಹಾಗೆ ಓದಿಕೊಂಡು ಕಾದಂಬರಿ ತೆರೆದರೆ ಮೊದಲ ಅಧ್ಯಾಯಗಳಲ್ಲೇ ಮಾತು ಸುಳ್ಳಾಗುತ್ತದೆ.

ಏಕೆಂದರೆ ಗುತ್ತಿ ಬದುಕುವ ಊರಿನಲ್ಲಿ ಯಾರು ಮುಖ್ಯ ಎಂಬುದು ಎಲ್ಲರಿಗೂ ಗೊತ್ತು. ಹೆಗ್ಗಡೆ ಜಗಲಿಯ ಮೇಲೆ. ಆಳು ಅಂಗಳದಲ್ಲಿ, ದೂರದಲ್ಲಿ, ನಿಂತುಕೊಂಡು. ಅಸ್ಪೃಶ್ಯನೆಂದು ಕರೆಸಿಕೊಂಡವನು ಎಷ್ಟು ಹತ್ತಿರ ಬರಬಹುದು ಎನ್ನುವುದಕ್ಕೆ ಲೆಕ್ಕವಿದೆ. ಹೆಣ್ಣನ್ನು ಯಾರಿಗೆ ಕೊಡಬೇಕೆಂದು ಅಪ್ಪನೂ ಒಡೆಯನೂ ಸೇರಿ ತೀರ್ಮಾನ ಮಾಡುತ್ತಾರೆ. ತಿಮ್ಮಿಯನ್ನೂ ಯಾರೂ ಕೇಳಿಲ್ಲ, ಚಿನ್ನಮ್ಮನನ್ನೂ ಯಾರೂ ಕೇಳಿಲ್ಲ. ಈ ಊರಿನಲ್ಲಿ ಮುಖ್ಯರೂ ಇದ್ದಾರೆ, ಅಮುಖ್ಯರೂ ಇದ್ದಾರೆ, ಯಃಕಶ್ಚಿತ ಎಂದು ಜೀವನಪೂರ್ತಿ ಅನ್ನಿಸಿಕೊಂಡವರಂತೂ ತುಂಬ ಇದ್ದಾರೆ.

ಹಾಗಾದರೆ ಕುವೆಂಪು ಸುಳ್ಳು ಹೇಳಿದರಾ? ಇಲ್ಲ. ‘ಇಲ್ಲಿ’ ಎಂದರೆ ಆ ಊರಲ್ಲ, ಈ ಪುಸ್ತಕ. ಊರು ಹೇಗೇ ಇರಲಿ, ನಾನು ಕತೆ ಹೇಳುವ ಜಾಗದಲ್ಲಿ ಆ ಲೆಕ್ಕ ನಡೆಯುವುದಿಲ್ಲ ಎನ್ನುವುದು ಅವರ ಮಾತು. ಊರು ಅಂಗಳದಲ್ಲಿ ನಿಲ್ಲಿಸಿದವನ ಜೊತೆ ಕತೆ ಹೇಳುವವನು ಹೋಗಿ ನಿಲ್ಲುತ್ತಾನೆ.

ಇದು ಪುಸ್ತಕದಲ್ಲಿ ಎಲ್ಲಿ ಕಾಣುತ್ತದೆ? ಮೊದಲೇ ಕಾಣುತ್ತದೆ. ಇಷ್ಟು ದೊಡ್ಡ ಕಾದಂಬರಿಯನ್ನು ಯಾವುದಾದರೂ ಹೆಗ್ಗಡೆಮನೆಯ ಹೆಬ್ಬಾಗಿಲಿನಿಂದ ಶುರುಮಾಡಬಹುದಿತ್ತು. ಶುರುವಾಗುವುದು ಕಾಡುದಾರಿಯಲ್ಲಿ ನಡೆಯುವ ಗುತ್ತಿ ಮತ್ತು ಅವನ ನಾಯಿಯಿಂದ. ಹೆಗ್ಗಡೆಗಳು ಆಮೇಲೆ ಬರುತ್ತಾರೆ, ಗುತ್ತಿ ಅವರ ಮನೆ ತಲುಪಿದಾಗ.

ಇನ್ನೂ ಗಟ್ಟಿಯಾದ ಸಾಕ್ಷಿ ಎರಡು ಓಟಗಳು. ಗುತ್ತಿ ತಿಮ್ಮಿಯನ್ನು ಕರೆದುಕೊಂಡು ಓಡುತ್ತಾನೆ. ಚಿನ್ನಮ್ಮ ಪೀಂಚಲು ಜೊತೆ ಓಡುತ್ತಾಳೆ. ಎರಡೂ ರಾತ್ರಿಯ ಓಟ. ಎರಡೂ ಹುಲಿಕಲ್ಲು ನೆತ್ತಿಯ ಕಾಡಿನ ಕಡೆಗೆ. ಒಬ್ಬಳು ಆಳಿನ ಮನೆಯ ಹುಡುಗಿ, ಇನ್ನೊಬ್ಬಳು ಗೌಡರ ಮನೆಯ ಹುಡುಗಿ. ಕತೆ ಹೇಳುವವನು ಇಬ್ಬರ ಭಯಕ್ಕೂ ಒಂದೇ ಗಮನ ಕೊಡುತ್ತಾನೆ. ಚಿನ್ನಮ್ಮನ ಪ್ರೇಮ ‘ಪ್ರೇಮ’, ತಿಮ್ಮಿಯದು ‘ಆಳುಗಳ ಗಲಾಟೆ’ ಎಂಬ ತಾರತಮ್ಯ ಎಲ್ಲಿಯೂ ಬರುವುದಿಲ್ಲ.

ಆದರೆ ಮುಂದೆ ಏನಾಗುತ್ತದೆ ನೋಡಿ. ಮುಕುಂದಯ್ಯನ ಬೆನ್ನಿಗೆ ಮನೆ ಇದೆ, ಗದ್ದೆ ತೋಟ ಇದೆ, ನೆಂಟರಿದ್ದಾರೆ. ಗುತ್ತಿಗೆ ಉಳಿಯುವುದು ಊರು ಬಿಟ್ಟು ಹೊಳೆ ದಾಟುವ ದಾರಿ. ಕತೆ ಹೇಳುವವನು ಸಮನಾಗಿ ನೋಡಿದ ಮಾತ್ರಕ್ಕೆ ಊರು ಸಮನಾಗಿ ನೋಡುವುದಿಲ್ಲ. ಈ ಎರಡು ನೋಟಗಳ ನಡುವಿನ ಅಂತರವೇ ಓದುಗನ ಎದೆಯನ್ನು ಹಿಂಡುತ್ತದೆ. ‘ಇಲ್ಲಿ’ ಎಂಬ ಪದವನ್ನು ಗಮನಿಸದಿದ್ದರೆ ಈ ಅಂತರ ಕಾಣುವುದೇ ಇಲ್ಲ. ಅಕ್ಕನ ಮಗಳಿಗೆ ನಾನು ಜಾಸ್ತಿ ಒತ್ತಿ ಹೇಳಿದ್ದು ಇದನ್ನೇ.

ಮೊದಲಿಲ್ಲ, ತುದಿಯಿಲ್ಲ

ಎರಡನೇ ‘ಇಲ್ಲಿ’ ಕತೆಯ ಆಕಾರದ ಬಗ್ಗೆ. ಸಾಮಾನ್ಯವಾಗಿ ನಮಗೆ ಕತೆಗೆ ಒಂದು ಆರಂಭ, ಒಂದು ಗಂಟು, ಗಂಟು ಬಿಚ್ಚಿ ಒಂದು ಮುಕ್ತಾಯ ಬೇಕು. ಇಲ್ಲಿ ಹಾಗಿಲ್ಲ. ಗುತ್ತಿಯನ್ನು ನಾವು ನೋಡುವ ಹೊತ್ತಿಗೆ ಅವನು ಆಗಲೇ ದಾರಿಯಲ್ಲಿದ್ದಾನೆ. ಬಸ್ಸು ಹತ್ತಿದಾಗ ಒಳಗಿನವರ ಮಾತುಕತೆ ಅರ್ಧ ನಡೆದಿರುತ್ತದಲ್ಲ, ಹಾಗೆ. ನಾವು ಇಳಿದ ಮೇಲೂ ಅದು ನಡೆಯುತ್ತಲೇ ಇರುತ್ತದೆ.

ಹಳೆಮನೆಯ ರಂಗಮ್ಮನ ಕತೆ ಇದಕ್ಕೆ ಹೊಂದುತ್ತದೆ. ಗಂಡ ದೊಡ್ಡಣ್ಣಹೆಗ್ಗಡೆ ತಿರುಪತಿಗೆ ಯಾತ್ರೆ ಹೋದವನು. ಅವಳು ಕಾಯುತ್ತಾಳೆ. ಕಾದು ಕಾದು ಮನಸ್ಸಿನ ಹಿಡಿತ ತಪ್ಪುತ್ತದೆ. ಊರವರಿಗೆ ಅವಳು ಹುಚ್ಚು ಹೆಗ್ಗಡಿತಿ. ಕಾಯುವವರಿಗೆ ಕಾಲಕ್ಕೆ ತುದಿ ಎಲ್ಲಿರುತ್ತದೆ?

ಪುಸ್ತಕದ ಹೆಸರಿಗೂ ಇದೇ ಬೆಳಕು ಹಿಡಿಯಬಹುದು. ‘ಮದುಮಗಳು’ ಎಂದು ಏಕವಚನ. ಯಾರು ಆ ಮದುಮಗಳು? ಚಿನ್ನಮ್ಮ ಎಂದು ಬಹಳ ಮಂದಿ ಹೇಳುತ್ತಾರೆ, ತಪ್ಪೇನಿಲ್ಲ. ಆದರೆ ತಿಮ್ಮಿಗೂ ಮದುವೆಯ ಮಾತು ನಡೆದಿತ್ತು. ಕಾವೇರಿಯೂ ಮದುವೆಯ ವಯಸ್ಸಿನ ಹುಡುಗಿಯೇ. ಯಾರೂ ಮುಖ್ಯರಲ್ಲ ಎಂದ ಮೇಲೆ ಮದುಮಗಳ ಜಾಗದಲ್ಲಿ ಒಬ್ಬಳನ್ನೇ ಕೂರಿಸಿ ಉಳಿದವರನ್ನು ಚಪ್ಪರದ ಹೊರಗೆ ನಿಲ್ಲಿಸಲು ಬರುವುದಿಲ್ಲ.

ಅವಸರ ಸಾವಧಾನದ ಬೆನ್ನೇರಿದೆ

ಆಗುಂಬೆ ಘಾಟಿಯಲ್ಲಿ ಬಸ್ಸಿನಲ್ಲಿ ಇಳಿದವರಿಗೆ ಈ ಸಾಲು ಮೈಯಿಂದಲೇ ಅರ್ಥವಾಗುತ್ತದೆ. ಡ್ರೈವರಿಗೆ ಅವಸರವಿರಬಹುದು, ನಮಗೂ ಇರಬಹುದು. ಆದರೆ 14 ತಿರುವುಗಳಿವೆ. ಬಸ್ಸಿನ ವೇಗವನ್ನು ತೀರ್ಮಾನಿಸುವುದು ಗುಡ್ಡ. ನಮ್ಮ ಅವಸರ ಆ ನಿಧಾನದ ಬೆನ್ನ ಮೇಲೆ ಕೂತು ಸವಾರಿ ಮಾಡುತ್ತದೆ.

ಕಾದಂಬರಿಯ ಓಟದ ಅಧ್ಯಾಯಗಳಲ್ಲಿ ಇದೇ ಆಗುತ್ತದೆ. ಹಿಂದೆ ಅಟ್ಟಿಸಿಕೊಂಡು ಬರುವವರ ಭಯವಿದೆ, ಕತ್ತಲಿದೆ, ಬೇಗ ಬೇಗ ಓಡಬೇಕು. ಓದುವ ನಮಗೆ ‘ಸಿಕ್ಕಿಬಿದ್ದರಾ ಇಲ್ಲವಾ’ ಎಂಬ ತವಕ. ಅದೇ ಹೊತ್ತಿಗೆ ಕುವೆಂಪು ಕಾಡಿನ ಸದ್ದು, ಹೆಪ್ಪುಗಟ್ಟಿದ ಕತ್ತಲೆ, ಕಾಲಡಿಯ ನೆಲವನ್ನು ಬಿಡದೆ ಹೇಳುತ್ತಾರೆ. ಮೊದಲ ಸಲ ಓದಿದಾಗ ನಾನು ವರ್ಣನೆಗಳನ್ನು ಹಾರಿಸಿಕೊಂಡು ಓದಿದ್ದೆ. ಎರಡನೇ ಸಲ ಈ ಸಾಲು ನೆನಪಿನಲ್ಲಿತ್ತು, ಹಾರಿಸಲಿಲ್ಲ. ಹುಲಿಕಲ್ಲು ನೆತ್ತಿಯ ಕತ್ತಲೆ ಚಿನ್ನಮ್ಮನಷ್ಟೇ ದೊಡ್ಡ ಪಾತ್ರ ಎಂದು ಆಗ ತಿಳಿಯಿತು.

ಈ ಸಾಲನ್ನು ರಂಗದ ಮೇಲೂ ನೋಡಿದವರಿದ್ದಾರೆ. 2010ರಲ್ಲಿ ಮೈಸೂರಿನ ರಂಗಾಯಣ ಸಿ. ಬಸವಲಿಂಗಯ್ಯ ಅವರ ನಿರ್ದೇಶನದಲ್ಲಿ ಈ ಕಾದಂಬರಿಯನ್ನು ನಾಟಕ ಮಾಡಿತು. ರಂಗರೂಪ ಕೆ.ವೈ. ನಾರಾಯಣಸ್ವಾಮಿ ಅವರದು, ಸಂಗೀತ ಹಂಸಲೇಖ ಅವರದು. ಇಡೀ ರಾತ್ರಿಯ ಪ್ರಯೋಗ, ಸುಮಾರು 9 ಗಂಟೆ. ಒಂದೇ ರಂಗಮಂಟಪದ ಎದುರು ಕೂತು ನೋಡುವ ನಾಟಕವಲ್ಲ ಅದು. ಪ್ರೇಕ್ಷಕರು ಎದ್ದು ಇನ್ನೊಂದು ರಂಗಸ್ಥಳಕ್ಕೆ ನಡೆದುಹೋಗಬೇಕು. ಎರಡು ಗಂಟೆಗೆ ಕುಗ್ಗಿಸಿದ್ದರೆ ಕತೆ ಉಳಿಯುತ್ತಿತ್ತೇನೋ, ಸಾವಧಾನ ಉಳಿಯುತ್ತಿರಲಿಲ್ಲ.

ಮಾತು ತೊಡರುವ ಜಾಗ

ಇಲ್ಲಿಯವರೆಗೆ ಮಾತಿಗೆ ಹೊಂದುವ ಜಾಗಗಳನ್ನೇ ನೋಡಿದೆವು. ಅಷ್ಟಕ್ಕೇ ನಿಲ್ಲಿಸಿದರೆ ಅದು ವಿಶ್ಲೇಷಣೆ ಆಗುವುದಿಲ್ಲ, ಅಭಿನಂದನೆ ಆಗುತ್ತದೆ. ಮಾತು ಎಲ್ಲಿ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತದೆ ಎಂದು ಹುಡುಕಲೇಬೇಕು.

ಅದು ಸಿಕ್ಕಿಕೊಳ್ಳುವುದು ಕಾವೇರಿಯ ಹತ್ತಿರ. ಮೇಗರವಳ್ಳಿಯ ಅಂತಕ್ಕನ ಈ ಮಗಳ ಮೇಲೆ ಅತ್ಯಾಚಾರ ನಡೆಯುತ್ತದೆ, ಅವಳು ಸಾಯುತ್ತಾಳೆ. ಅವಳು ಯಾರಿಗೂ ಏನೂ ಕೆಡುಕು ಮಾಡಿದವಳಲ್ಲ. ಆ ಪುಟಗಳನ್ನು ಓದಿ ಪುಸ್ತಕ ಮುಚ್ಚಿಟ್ಟು, ಮೊದಲ ಪುಟಕ್ಕೆ ತಿರುಗಿ, ‘ಎಲ್ಲಕ್ಕೂ ಇದೆ ಅರ್ಥ, ಯಾವುದೂ ಅಲ್ಲ ವ್ಯರ್ಥ’ ಎಂದು ಓದಿ ನೋಡಿ. ನನಗೆ ಮೊದಲ ಸಲ ಸಿಟ್ಟು ಬಂದಿತ್ತು. ಒಂದು ಹುಡುಗಿಯ ಇಂಥ ಸಾವಿಗೆ ಏನು ಅರ್ಥ?

ಇಲ್ಲಿ ಮತ್ತೆ ಪದದ ಹತ್ತಿರ ಹೋಗಬೇಕು. ಕನ್ನಡದಲ್ಲಿ ‘ಅರ್ಥ’ಕ್ಕೆ ಎರಡು ಮುಖ. ‘ಇದರಿಂದ ಏನರ್ಥ?’ ಎಂದು ಅಜ್ಜಿ ಕೇಳಿದರೆ ಅವಳು ಕೇಳುವುದು ಪ್ರಯೋಜನವನ್ನು. ‘ಈ ಪದಕ್ಕೆ ಏನರ್ಥ?’ ಎಂದು ಮಗು ಕೇಳಿದರೆ ಕೇಳುವುದು ತಿಳಿವಳಿಕೆಯನ್ನು. ಮೊದಲನೆಯದನ್ನು ಹಿಡಿದರೆ, ಕಾವೇರಿಯ ಸಾವಿನಿಂದ ಏನೋ ಒಳ್ಳೆಯದಾಗಲಿದೆ, ಎಲ್ಲವೂ ಒಳ್ಳೆಯದಕ್ಕೇ ಎಂದಾಗುತ್ತದೆ. ಕಾದಂಬರಿ ಅಂಥ ಸಮಾಧಾನವನ್ನು ಕೊಡುವುದಿಲ್ಲ. ಎರಡನೆಯದನ್ನು ಹಿಡಿದರೆ ಮಾತು ಬೇರೆಯಾಗುತ್ತದೆ: ಈ ಸಾವನ್ನು ‘ಆಗಿಹೋಯಿತು’ ಎಂದು ದಾಟಿ ಹೋಗಬೇಡಿ, ಇದು ಏಕಾಯಿತು ಎಂದು ನೋಡಿ. ಹೆಣ್ಣನ್ನು ಕೇಳದೆ ಅವಳ ಬದುಕನ್ನು ತೀರ್ಮಾನಿಸುವ ಊರು, ಕೈಗೆ ಸಿಕ್ಕವಳನ್ನು ಯಃಕಶ್ಚಿತ ಎಂದುಕೊಳ್ಳುವ ಗಂಡಸರು, ನೋಡಿಯೂ ಸುಮ್ಮನಿರುವವರು. ಇವರೆಲ್ಲರೂ ಆ ಅರ್ಥದೊಳಗೆ ಬರುತ್ತಾರೆ.

ನನಗೆ ಎರಡನೆಯದೇ ಸರಿ ಎನಿಸುತ್ತದೆ. ಆದರೆ ಆ ಸಾಲು ಪೂರ್ತಿ ಬಚಾವಾಯಿತು ಎಂದು ಹೇಳಲಾರೆ. ‘ಅಲ್ಲ ವ್ಯರ್ಥ’ ಎನ್ನುವಲ್ಲಿ ಒಂದು ನಂಬಿಕೆಯ ದನಿ ಇದೆ, ಅದು ಕಾವೇರಿಯ ಎದುರು ನಿಂತಾಗ ನಡುಗುತ್ತದೆ. ಉತ್ತರ ಬರೆಯುವವರು ಈ ನಡುಕವನ್ನು ಮುಚ್ಚಿಡಬಾರದು. ಮಾತು ಮತ್ತು ಕೃತಿ ಒಂದಕ್ಕೊಂದು ತಿಕ್ಕುವ ಕಡೆಯೇ ಕಿಡಿ ಹಾರುವುದು.

ಬೇರೆ ಮಾತು ಹಿಡಿದರೆ ಬೇರೆ ಪುಸ್ತಕ

ಒಂದೇ ಕೃತಿಗೆ ಬೇರೆ ಬೇರೆ ಮಾತು ಹಿಡಿದರೆ ಏನಾಗುತ್ತದೆ? ಇದಕ್ಕೆ ಪಂಪನ ‘ವಿಕ್ರಮಾರ್ಜುನ ವಿಜಯ’ದಷ್ಟು ಒಳ್ಳೆಯ ಉದಾಹರಣೆ ಇಲ್ಲ. ಹತ್ತನೇ ಶತಮಾನದ ಈ ಕಾವ್ಯದ ನಾಯಕ ಹೆಸರಿನಲ್ಲೇ ಇದ್ದಾನೆ, ಅರ್ಜುನ. ಪಂಪನಿಗೆ ಆಶ್ರಯ ಕೊಟ್ಟ ಅರಿಕೇಸರಿಯನ್ನೇ ಅರ್ಜುನನ ಜೊತೆ ಸಮೀಕರಿಸಿ ಬರೆದದ್ದು. ಆದರೆ ಅದೇ ಪಂಪ ಕರ್ಣನ ಸಾವಿನ ಹೊತ್ತಿಗೆ, ಭಾರತದಲ್ಲಿ ಬೇರೆ ಯಾರನ್ನೂ ನೆನೆಯಬೇಡ, ನೆನೆಯುವುದಾದರೆ ಕರ್ಣನನ್ನು ನೆನೆ ಎನ್ನುತ್ತಾನೆ. ಪದ್ಯ ಮುಗಿಯುವುದು ‘ಕರ್ಣರಸಾಯನಮಲ್ತೆ ಭಾರತಂ’ ಎಂದು. ಕರ್ಣ ಎಂದರೆ ಕಿವಿ ಕೂಡ. ಭಾರತ ಕಿವಿಗೆ ರಸಾಯನ, ಕರ್ಣನ ರಸಾಯನ. ಈ ಮಾತು ಹಿಡಿದು ಓದಿದರೆ ಅರ್ಜುನನ ಕಾವ್ಯದೊಳಗಿಂದ ಕರ್ಣನ ಕಾವ್ಯ ಎದ್ದು ಬರುತ್ತದೆ.

ಪಂಪ ‘ಇವನೊಬ್ಬನನ್ನು ನೆನೆ’ ಎಂದ. ಕುವೆಂಪು ‘ಯಾರನ್ನೂ ಬಿಡಬೇಡ’ ಎಂದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಮಾತು ಓದುಗನ ಕಣ್ಣನ್ನು ಹೇಗೆ ತಿರುಗಿಸುತ್ತದೆ ಎಂದು ಚೆನ್ನಾಗಿ ತಿಳಿಯುತ್ತದೆ.

ಕುವೆಂಪು ಅವರ ಮಾತನ್ನೇ ಅವರ ಇನ್ನೊಂದು ಕೃತಿಗೆ ಹಿಡಿದೂ ನೋಡಬಹುದು. 1936ರ ‘ಕಾನೂರು ಹೆಗ್ಗಡಿತಿ’ಯಲ್ಲಿ ಹೂವಯ್ಯ ಇದ್ದಾನೆ. ಓದಿದವನು, ಹೊಸದನ್ನು ಯೋಚಿಸುವವನು, ಲೇಖಕರ ಮನಸ್ಸಿಗೆ ಹತ್ತಿರದವನು. ಅಲ್ಲಿ ‘ಯಾರೂ ಮುಖ್ಯರಲ್ಲ’ ಎಂದರೆ ಮಾತು ಸರಿಯಾಗಿ ಕೂರುವುದಿಲ್ಲ. ಒಬ್ಬ ತಿಳಿವಳಿಕೆಯುಳ್ಳವನು ಊರನ್ನು ದಾರಿಗೆ ತರಬಲ್ಲ ಎಂಬ ನಂಬಿಕೆ ಆ ಪುಸ್ತಕದಲ್ಲಿ ಬಲವಾಗಿದೆ. 31 ವರ್ಷದ ನಂತರದ ಪುಸ್ತಕದಲ್ಲಿ ಹೂವಯ್ಯನಂಥವರು ಯಾರೂ ಇಲ್ಲ. ಮುಕುಂದಯ್ಯ ಒಳ್ಳೆಯವನು, ಆದರೆ ಅವನ ಕಣ್ಣಿನಿಂದಲೇ ಊರನ್ನು ನೋಡಬೇಕಿಲ್ಲ. ಗುತ್ತಿಯ ಕಣ್ಣಿದೆ, ಪೀಂಚಲುವಿನ ಕಣ್ಣಿದೆ, ಒಂದು ನಾಯಿಯ ಕಣ್ಣೂ ಇದೆ. ಒಬ್ಬ ದೊಡ್ಡ ಬರಹಗಾರ ಎಷ್ಟು ದೂರ ನಡೆದರು ಎಂದು ಒಂದು ಮಾತು ಅಳೆದು ತೋರಿಸಿತು.

ಎಂಥ ಮಾತನ್ನೂ ಎಂಥ ಕೃತಿಗೂ ಹಿಡಿಯಬಹುದಾ? ಹಿಡಿಯಬಹುದು, ಬೆಳಕು ಬೀಳಬೇಕು ಅಷ್ಟೇ. ‘ಪ್ರೀತಿಯೇ ದೊಡ್ಡದು’ ಎಂಬಂಥ ಮಾತು ಎಲ್ಲ ಪುಸ್ತಕಕ್ಕೂ ಹೊಂದುತ್ತದೆ, ಅದಕ್ಕೇ ಯಾವುದನ್ನೂ ತೋರಿಸುವುದಿಲ್ಲ. ಮಾತಿಗೆ ಸ್ವಲ್ಪ ಮೊನೆ ಇರಬೇಕು. ಸುಳ್ಳಾಗುವ ಸಾಧ್ಯತೆ ಇರುವ ಮಾತೇ ಕೆಲಸಕ್ಕೆ ಬರುವುದು.

ನೀರೆಲ್ಲ ಊ

ಕೊನೆಗೆ ಹುಲಿಯನ ಹತ್ತಿರ ಬರೋಣ. ಊರಿನ ಲೆಕ್ಕದಲ್ಲಿ ಆಳು ಕೆಳಗೆ, ಆಳಿನ ನಾಯಿ ಇನ್ನೂ ಕೆಳಗೆ. ‘ನಾಯಿಗುತ್ತಿ’ ಎಂಬ ಹೆಸರಿನಲ್ಲೇ ಆ ಲೆಕ್ಕ ಇದೆ. ಪುಸ್ತಕದಲ್ಲಿ ಮಾತ್ರ ಆ ನಾಯಿ ಮೊದಲಿನಿಂದ ಗುತ್ತಿಯ ಜೊತೆ ನಡೆಯುತ್ತದೆ. ಅದಕ್ಕೆ ಸಿಟ್ಟಿದೆ, ಹಟವಿದೆ, ಒಡೆಯನ ಮೇಲೆ ಪ್ರಾಣವಿದೆ. ‘ಯಾವುದೂ ಯಃಕಶ್ಚಿತವಲ್ಲ’ ಎಂಬ ಸಾಲಿಗೆ ಮೈ ಬಂದು ನಾಲ್ಕು ಕಾಲಿನಲ್ಲಿ ನಡೆದಂತೆ.

ಕಾದಂಬರಿಯ ತುದಿಯಲ್ಲಿ, ತುದಿ ಎನ್ನಬಹುದಾದರೆ, ಮಳೆಗಾಲದ ತುಂಗೆ ಉಕ್ಕಿ ಹರಿಯುತ್ತಿದೆ. ಗುತ್ತಿ ಹೊಳೆ ದಾಟಬೇಕು. ಹುಲಿಯ ಆ ಪ್ರವಾಹದಲ್ಲಿ ಕೊಚ್ಚಿಹೋಗುತ್ತದೆ.

ತುಂಗೆ ಎಂದರೆ ಆ ಸೀಮೆಯಲ್ಲಿ ಬರೀ ಹೊಳೆಯಲ್ಲ. ಊರಿನ ಹೆಸರೇ ತೀರ್ಥಹಳ್ಳಿ. ಪರಶುರಾಮ ತನ್ನ ಕೊಡಲಿಯ ರಕ್ತ ತೊಳೆದದ್ದು ಇಲ್ಲೇ ಎಂದು ಜನ ಹೇಳುತ್ತಾರೆ. ಎಳ್ಳಮಾವಾಸ್ಯೆಯ ಜಾತ್ರೆಗೆ ಸಾವಿರಾರು ಮಂದಿ ಬಂದು ಅದೇ ನೀರಿನಲ್ಲಿ ಮುಳುಗು ಹಾಕುತ್ತಾರೆ. ಆ ನೀರನ್ನು ತೀರ್ಥ ಎನ್ನುವುದಕ್ಕೆ ಯಾರ ಅಭ್ಯಂತರವೂ ಇಲ್ಲ. ಕುವೆಂಪು ಹೇಳುವುದು ಜಾತ್ರೆಯ ದಿನದ ನೀರು, ರಾಮತೀರ್ಥದ ನೀರು ಮಾತ್ರ ತೀರ್ಥ ಎಂದಲ್ಲ. ಗದ್ದೆಯ ಕೆಸರುನೀರು, ಹೊಲಗೇರಿಯ ಬಾವಿಯ ನೀರು, ಮುಕುಂದಯ್ಯನ ಮನೆಯ ಮುಂದೆ ಸುರಿಯುವ ಸೋನೆಮಳೆ, ಎಲ್ಲ ‘ಊ’. ಯಾವ ನೀರನ್ನು ಯಾರು ಮುಟ್ಟಬಹುದು ಎಂಬ ಲೆಕ್ಕವೇ ಬದುಕಾಗಿದ್ದ ಕಾಲದ ಕತೆಯ ಮೊದಲ ಪುಟದಲ್ಲಿ ಈ ಸಾಲು ನಿಂತಿದೆ ಎಂದು ನೆನಪಿಟ್ಟುಕೊಂಡರೆ ಆ ಒಂದು ಅಕ್ಷರದ ತೂಕ ತಿಳಿಯುತ್ತದೆ.

ಫೋನಿನಲ್ಲಿ ಇಷ್ಟು ಹೇಳಿ ನಾನು ನಿಲ್ಲಿಸಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅವಳು ಕೇಳಿದಳು: ‘ಹಾಗಾದ್ರೆ ಮಾವ, ಹುಲಿಯನನ್ನ ಕೊಚ್ಚಿಕೊಂಡು ಹೋದ ನೀರೂ ತೀರ್ಥಾನಾ?’

ಅದನ್ನೇ ಮೊದಲ ಸಾಲಾಗಿ ಬರಿ ಎಂದೆ.